‘ಏನೂ ಇಲ್ಲ’ ಎಂದ ದಿನ ಅತ್ತ ಗಿರಿಜಮ್ಮ

ಈ ಪ್ರಕರಣ ಬರೆಯಬೇಕು ಅನ್ನಿಸಿದ್ದಕ್ಕೆ ಎರಡು ಕಾರಣ. ಇಂಥವರು ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ತಿಂಗಳಿಗೆ ಮೂರು ನಾಲ್ಕು ಜನ ಬರುತ್ತಾರೆ ಅನ್ನೋದು ಒಂದು. ಇವರ ವಿಷಯದಲ್ಲಿ ಮೊದಲ ದಿನ ನಾನೇ ತಪ್ಪು ಮಾತಾಡಿದ್ದೆ ಅನ್ನೋದು ಇನ್ನೊಂದು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಗಿರಿಜಮ್ಮ ಎಂದು ಕರೆಯೋಣ.

ವಯಸ್ಸು 44. ತೆಂಗಿನ ತೋಟದ ಮನೆ. ಗಂಡ ತೋಟ ನೋಡಿಕೊಂಡು ಒಂದು ಹಿಟ್ಟಿನ ಗಿರಣಿಯನ್ನೂ ನಡೆಸುತ್ತಾರೆ. ಮಗಳ ಮದುವೆ ಆಗಿದೆ. ಮಗ ಹಾಸ್ಟೆಲಿನಲ್ಲಿ ಓದುತ್ತಿದ್ದಾನೆ. ಮೂರು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಗಿರಿಜಮ್ಮನಿಗೆ ಎರಡು ವರ್ಷದಿಂದ ಮೈಕೈ ನೋವು, ಅಂಗಾಲು ಉರಿ, ತಲೆಭಾರ. ಊಟ ಸೇರುವುದಿಲ್ಲ. ಬೆಳಿಗ್ಗೆ ಏಳುವಾಗಲೇ ಸುಸ್ತು.

ಮೊದಲ ದಿನ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಗಿರಿಜಮ್ಮನ ಮಡಿಲಲ್ಲಿ ಬಟ್ಟೆ ಅಂಗಡಿಯ ಒಂದು ದಪ್ಪ ಕೈಚೀಲ ಇತ್ತು. ಅದರ ತುಂಬ ರಿಪೋರ್ಟುಗಳು. ರಕ್ತ, ಇಸಿಜಿ, ಎಂಡೋಸ್ಕೋಪಿ, ತಲೆಯ ಸ್ಕ್ಯಾನಿಂಗು, ಸೊಂಟದ ಎಕ್ಸ್‌ರೇ. ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಂದೊಂದಾಗಿ ಮೇಜಿನ ಮೇಲಿಟ್ಟರು. ರಕ್ತ, ಥೈರಾಯ್ಡ್, ಸಕ್ಕರೆ, ಬಿ12 ಎಲ್ಲ ಡಾಕ್ಟರು ಪರೀಕ್ಷೆ ಮಾಡಿಸಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸುಸ್ತು ನೋವು ಎಂದು ಬಂದವರಿಗೆಲ್ಲ ಮನಸ್ಸಿನದ್ದು ಎಂದುಬಿಡಬಾರದು. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಆಗುತ್ತದೆ. ಮೊದಲು ಅದನ್ನು ನೋಡಲೇಬೇಕು.

ನೋಡಿಯಾಗಿತ್ತು. ಆಗ ನಾನು ಹೇಳಿದ ಮಾತು ಇದು: ‘ಒಳ್ಳೇದೇ ಆಯ್ತಲ್ವಾ ಗಿರಿಜಮ್ಮ, ದೇಹಕ್ಕೆ ಏನೂ ಆಗಿಲ್ಲ. ಇದು ಮನಸ್ಸಿನದ್ದು, ಸರಿ ಮಾಡ್ಕೋಬಹುದು.’

ಗಂಡ ನಿರಾಳವಾಗಿ ನಕ್ಕರು. ‘ನಾನೂ ಅದೇ ಹೇಳ್ತೀನಿ ಮೇಡಂ, ಮನೇಲಿ ಏನೂ ಕಮ್ಮಿ ಇಲ್ಲ, ಸುಮ್ನೆ ಯೋಚ್ನೆ ಮಾಡ್ತಾಳೆ’ ಎಂದರು. ಗಿರಿಜಮ್ಮ ಏನೂ ಹೇಳಲಿಲ್ಲ. ರಿಪೋರ್ಟುಗಳನ್ನು ಮತ್ತೆ ಅದೇ ಸಾಲಿನಲ್ಲಿ ಚೀಲಕ್ಕೆ ತುಂಬಿದರು. ಮುಂದಿನ ವಾರ ಬರಲು ಹೇಳಿದ್ದೆ. ಬರಲಿಲ್ಲ. ಐದು ವಾರ ಬರಲಿಲ್ಲ.

ಆರನೇ ವಾರ ಒಬ್ಬರೇ ಬಸ್ಸಿನಲ್ಲಿ ಬಂದರು. ಚೀಲ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು. ನಾನು ಹೇಗಿದ್ದೀರಿ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡದೆ ಬೇರೆಯೇ ಮಾತು ತೆಗೆದರು.

‘ತಲೆ ಸ್ಕ್ಯಾನಿಂಗ್ ಮಾಡ್ಸಿದ್ ದಿನ ಡಾಕ್ಟ್ರು ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್ ಅಂದ್ರು. ಇವರಿಗೆ ಖುಷಿ ಆಯ್ತು. ಮಗಳು ಅಳಿಯ ಎಲ್ಲಾ ಬಂದಿದ್ರು. ಹೋಟ್ಲಿಗೆ ಹೋಗಿ ಮಸಾಲೆದೋಸೆ ತಿಂದ್ರು. ನಾನು ಕೈ ತೊಳೆಯೋ ಜಾಗದಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ ಮೇಡಂ.’

ನಾನು ಸುಮ್ಮನಿದ್ದೆ.

‘ಗಡ್ಡೆ ಗಿಡ್ಡೆ ಏನಾದ್ರೂ ಇದೆ ಅಂತ ಬರ್ಲಿ ಅಂತ ಮನೆದೇವ್ರಿಗೆ ಹರಕೆ ಹೊತ್ಕೊಂಡಿದ್ದೆ. ಕಾಯಿಲೆ ಇದೆ ಅಂದ್ರೆ ಮಲಗಿರು ಅಂತಾರಲ್ವಾ. ಏನೂ ಇಲ್ಲ ಅಂದ್ಮೇಲೆ ಎದ್ದು ಕೆಲ್ಸ ಮಾಡ್ಲೇಬೇಕಲ್ಲ.’

ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದರು. ‘ನೀವೂ ಅದನ್ನೇ ಅಂದ್ರಿ.’

ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಅಷ್ಟು ನೇರವಾಗಿ ಯಾರೂ ನನ್ನ ತಪ್ಪು ತೋರಿಸಿರಲಿಲ್ಲ. ಹೌದು, ತಪ್ಪು ಮಾತಾಡಿದೆ ಎಂದು ಒಪ್ಪಿಕೊಂಡೆ. ‘ನಿಮ್ಮ ನೋವು ನಿಜ. ಸ್ಕ್ಯಾನಿಂಗಲ್ಲಿ ಕಾಣದೇ ಇರೋ ಕಾಯಿಲೆನೂ ಕಾಯಿಲೆನೇ’ ಎಂದೆ. ಆಗ ಅಳು ಬಂತು. ಬಹಳ ಹೊತ್ತು ಅತ್ತರು. ನಾನು ನೀರಿನ ಲೋಟ ಮುಂದಿಟ್ಟು ಕೂತೆ. ಅಳಬೇಡಿ ಎನ್ನಲಿಲ್ಲ.

ಆಮೇಲೆ ಕೇಳಬೇಕಾದ್ದನ್ನೆಲ್ಲ ಕೇಳಿದೆ. ನಿದ್ದೆ ಹೇಗೆ? ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಯಾವುದರಲ್ಲಾದರೂ ಆಸೆ ಇದೆಯಾ? ಮಗ ರಜೆಗೆ ಬಂದಾಗಲೂ ಏನೂ ಅನ್ನಿಸಲಿಲ್ಲವಂತೆ. ‘ನನ್ ಮಗ ಬಂದ್ರೆ ಸಂತೋಷ ಆಗ್ಬೇಕಲ್ವಾ, ನಾನೆಂಥ ತಾಯಿ’ ಎಂದರು. ತಿಂಡಿ ಮಾಡಲು ನಿಂತರೆ ಮೊದಲು ಯಾವ ಪಾತ್ರೆ ಇಡಬೇಕು ಅನ್ನೋದೇ ತೋಚುವುದಿಲ್ಲ. ಜೀವ ಬೇಡ ಅನ್ನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಮನಸ್ಸು ಹಗುರಾಗುವುದೇ ಹೆಚ್ಚು. ಅವರು ಹೇಳಿದ್ದು: ‘ಅನ್ಸುತ್ತೆ. ಮಾಡ್ಕೊಳಲ್ಲ. ಅತ್ತೆನ ಯಾರು ನೋಡ್ತಾರೆ?’

ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ಇಡೀ ದಿನ, ಆಸೆ ಉತ್ಸಾಹ ಬತ್ತಿಹೋಗಿದ್ದರೆ, ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಎಲ್ಲವೂ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು ಎಂದು ನೋಡಬೇಕು. ಇವರದ್ದು ಎರಡು ವಾರವಲ್ಲ, ಎರಡು ವರ್ಷ. ನಮ್ಮ ಕಡೆ ಖಿನ್ನತೆ ‘ನನಗೆ ಬೇಜಾರು’ ಎಂದು ಹೇಳಿಕೊಂಡು ಬರುವುದು ಕಡಿಮೆ. ಅಂಗಾಲು ಉರಿ ಎಂದು ಬರುತ್ತದೆ, ಎದೆಭಾರ ಎಂದು ಬರುತ್ತದೆ. ಅದರಲ್ಲಿ ಆಶ್ಚರ್ಯ ಏನಿದೆ? ನಾವು ಮಾತಾಡುವುದೇ ಹಾಗೆ. ಹೊಟ್ಟೆ ಉರಿಯಿತು, ಕರುಳು ಕಿತ್ತು ಬಂತು, ಎದೆ ಧಸಕ್ಕೆಂದಿತು, ಕೈಕಾಲೇ ಬಿದ್ದುಹೋಯಿತು ಅನ್ನುತ್ತೇವೆ. ದುಃಖ ಇರುವ ಜಾಗ ಮೈಯೇ ಎಂದು ನಮ್ಮ ಭಾಷೆಗೆ ಮೊದಲಿನಿಂದ ಗೊತ್ತು. ಮಿದುಳಿನಲ್ಲಿ ಮನಸ್ಸಿನ ಏರಿಳಿತಕ್ಕೆ ಸಂಬಂಧಿಸಿದ ಸೆರೊಟೊನಿನ್‌ನಂಥ ರಾಸಾಯನಿಕಗಳೇ ನೋವನ್ನು ತಗ್ಗಿಸುವ ಕೆಲಸದಲ್ಲೂ ಇವೆ. ಆ ವ್ಯವಸ್ಥೆ ಸೊರಗಿದಾಗ ಸಣ್ಣ ನೋವೂ ದೊಡ್ಡದಾಗಿ ಕೇಳಿಸುತ್ತದೆ. ಗಿರಿಜಮ್ಮ ನಾಟಕ ಮಾಡುತ್ತಿರಲಿಲ್ಲ. ಅವರಿಗೆ ನೋಯುತ್ತಿತ್ತು.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ಅದರಲ್ಲಿ ಕಂಡುಬಂತು. ಆಸ್ಪತ್ರೆ ದೂರ, ಡಾಕ್ಟರು ಕಮ್ಮಿ, ನಾಚಿಕೆ ಎಲ್ಲ ಕಾರಣವೇ. ಆದರೆ ಗಿರಿಜಮ್ಮ ಆಸ್ಪತ್ರೆಗೆ ಹೋಗದೇ ಉಳಿದವರಲ್ಲ. ಎರಡು ವರ್ಷ ಹೋಗುತ್ತಲೇ ಇದ್ದರು. ‘ಏನೂ ಇಲ್ಲ’ ಅನ್ನೋ ಮಾತು ಪ್ರತಿ ಸಲ ಅವರನ್ನು ಬಾಗಿಲಿಂದಲೇ ವಾಪಸ್ ಕಳಿಸಿತ್ತು. ನನ್ನ ಬಾಗಿಲಿಂದಲೂ.

ಇನ್ನು ನಾನು ಕೊಟ್ಟ ಸಲಹೆ.

ಮೊದಲನೆಯದು, ಮನೋವೈದ್ಯರನ್ನು ನೋಡಿ, ಅವರು ಬೇಕು ಅಂದರೆ ಮಾತ್ರೆ ತಗೊಳ್ಳಿ ಅಂತ. ಮಾತಾಡಿಸಿ ಸರಿ ಮಾಡಬೇಕಾದವರು ನೀವು, ಮಾತ್ರೆಗೆ ಯಾಕೆ ಕಳಿಸುತ್ತೀರಿ ಎಂದು ನನ್ನನ್ನು ಕೇಳುವವರಿದ್ದಾರೆ. ಮಾತಿನ ಮೇಲೆ ನನಗೂ ನಂಬಿಕೆ ಇದೆ, ಅದೇ ನನ್ನ ಕೆಲಸ. ಆದರೆ ಮೂರು ಗಂಟೆಗೆ ಎದ್ದು ಕೂರುವ, ಊಟ ಬಿಟ್ಟ, ಜೀವ ಬೇಡ ಅನ್ನಿಸುವ ಮನುಷ್ಯರಿಗೆ ಬರೀ ಮಾತು ಸಾಲದು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಅಲ್ಲಿಗೇ ಕಳಿಸಿದೆ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ತಲೆನೋವಿನ ಗುಳಿಗೆಯ ಹಾಗೆ ಅರ್ಧ ಗಂಟೆಯಲ್ಲಿ ಅಲ್ಲ ಎಂದು ಮೊದಲೇ ಹೇಳಿದೆ. ಇದನ್ನು ಹೇಳದೇ ಹೋದರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಜೀವದ ಬಗ್ಗೆ ಯೋಚನೆ ಜಾಸ್ತಿ ಆದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ ಎಂದು ನಂಬರ್ ಬರೆದುಕೊಟ್ಟೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳಿಗೂ ಆ ನಂಬರ್ ಕೊಡಿಸಿದೆ.

ಎರಡನೆಯದಕ್ಕೆ ಗಂಡನನ್ನು ಕರೆಸಿದೆ. ಜಗಳ ಆಗಿದ್ದು ಇಲ್ಲೇ.

ಹಾಸಿಗೆ ಹಿಡಿದವರಿಗೆ ಬೆನ್ನಲ್ಲಿ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಂದರೆ ಗಿರಿಜಮ್ಮ ಮೂರು ವರ್ಷದಿಂದ ಒಂದು ರಾತ್ರಿಯೂ ಸತತ ಮೂರು ಗಂಟೆ ಮಲಗಿಲ್ಲ. ಅತ್ತೆಯ ಬೆನ್ನಲ್ಲಿ ಒಂದು ಹುಣ್ಣೂ ಆಗಿಲ್ಲವಂತೆ. ಇದನ್ನು ಗಂಡ ಹೆಮ್ಮೆಯಿಂದಲೇ ಹೇಳಿದರು. ‘ಆ ಬೆನ್ನು ಹಾಗೆ ಇರೋದು ಯಾರ ನಿದ್ದೆಯಿಂದ ಅಂತ ಯೋಚಿಸಿದ್ದೀರಾ?’ ಎಂದು ಕೇಳಿದೆ. ವಾರಕ್ಕೆ ಮೂರು ರಾತ್ರಿ ನೀವು ಏಳಬೇಕು, ಗಿರಿಜಮ್ಮ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು ಎಂದೆ.

‘ಗಂಡಸ್ರು ಅಮ್ಮನ್ನ ಹೆಂಗೆ ನೋಡೋದು ಮೇಡಂ, ಬಟ್ಟೆ ಬದಲ್ಸೋದು ಎಲ್ಲಾ ಇರುತ್ತೆ’ ಎಂದರು. ಅವರ ಮುಜುಗರ ಸುಳ್ಳಲ್ಲ. ಹಾಗಾದರೆ ಬಟ್ಟೆ ಮಲಗುವ ಮುಂಚೆ ಗಿರಿಜಮ್ಮ ಬದಲಿಸಲಿ, ರಾತ್ರಿಗೆ ಡೈಪರ್ ಹಾಕಿ, ಮಗ್ಗುಲು ತಿರುಗಿಸುವುದು, ನೀರು ಕುಡಿಸುವುದು ನಿಮ್ಮದು ಎಂದೆ. ಪಕ್ಕದೂರಲ್ಲೇ ಇರುವ ಗಂಡನ ತಂಗಿ ಹದಿನೈದು ದಿನಕ್ಕೊಮ್ಮೆ ಎರಡು ದಿನ ಬಂದಿರಲಿ ಎಂದೂ ಹೇಳಿದೆ. ಒಪ್ಪದೆ ಎದ್ದು ಹೋದರು. ಆಮೇಲೆ ಆ ತಂಗಿಯೇ ಫೋನ್ ಮಾಡಿ, ‘ಸಲಹೆ ಕೇಳೋಕ್ ಬಂದ್ರೆ ಮನೆ ಒಡೀತೀರಾ?’ ಎಂದರು.

ನಾನು ಮನೆ ಒಡೆಯಲಿಲ್ಲ. ಧೈರ್ಯ ತಗೋ, ಯೋಗ ಮಾಡು, ಯೋಚನೆ ಬಿಡು ಎಂದು ಹೇಳಿ ಕಳಿಸುವುದು ನನಗೆ ಸುಲಭವಿತ್ತು. ಮನೆಯವರಿಗೂ ಅದೇ ಹಿತವಾಗಿರುತ್ತಿತ್ತು. ಆದರೆ ಹಾಗೆ ಮಾಡಿದ್ದರೆ ಕಾಯಿಲೆಯ ಜೊತೆ ಅದನ್ನು ಗೆಲ್ಲುವ ಹೊಣೆಯನ್ನೂ ಅವರ ಒಬ್ಬರ ತಲೆಗೇ ಕಟ್ಟಿದಂತಾಗುತ್ತಿತ್ತು. ನಿದ್ದೆ ಕೊಡದೆ ಖಿನ್ನತೆಗೆ ಮದ್ದು ಕೊಡುವುದು ಅಂದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಅತ್ತೆಯ ಸೇವೆ ಬಿಡಿ ಎಂದು ನಾನು ಎಲ್ಲೂ ಹೇಳಿಲ್ಲ. ಗಿರಿಜಮ್ಮ ಬಿಡುವವರೂ ಅಲ್ಲ.

ಮನೆದೇವರಿಗೆ ಹೊತ್ತ ಹರಕೆಯ ಬಗ್ಗೆಯೂ ಅವರು ಕೇಳಿದ್ದರು. ಕಾಯಿಲೆ ಬರಲಿ ಎಂದು ಬೇಡಿದ್ದು ಪಾಪ ಅಲ್ವಾ ಎಂದು. ‘ನೀವು ಕೇಳಿದ್ದು ಕಾಯಿಲೆ ಅಲ್ಲ, ವಿಶ್ರಾಂತಿ. ಹೋಗಿ ಕಾಯಿ ಒಡೆಸಿಕೊಂಡು ಬನ್ನಿ’ ಎಂದೆ. ಸಲಹೆಗಾರರು ಹೀಗೆ ಹೇಳಬಹುದಾ ಎಂದು ಕೆಲವರು ಹುಬ್ಬೇರಿಸುತ್ತಾರೆ, ಏರಿಸಲಿ. ಮಾತ್ರೆ ಬಿಟ್ಟು ದೇವಸ್ಥಾನಕ್ಕೆ ಹೋಗಿ ಎಂದಿದ್ದರೆ ಅದು ತಪ್ಪು.

ಮೂರು ವಾರ ಏನೂ ಬದಲಾಗಲಿಲ್ಲ. ಐದನೇ ವಾರ ಊಟ ಸ್ವಲ್ಪ ಸೇರತೊಡಗಿತು. ಗಂಡ ಒಂದು ರಾತ್ರಿಯಿಂದ ಶುರು ಮಾಡಿ ಈಗ ವಾರಕ್ಕೆ ಎರಡು ರಾತ್ರಿ ಏಳುತ್ತಿದ್ದಾರೆ. ಮೂರು ಆಗಿಲ್ಲ. ತಂಗಿ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಆದರೆ ಎರಡು ಸಲ ಬಂದು ಇದ್ದು ಹೋಗಿದ್ದಾರೆ. ಅಂಗಾಲು ಉರಿ ಮಧ್ಯಾಹ್ನದ ಹೊತ್ತು ಈಗಲೂ ಇದೆ.

ಮೊನ್ನೆ ಗಂಡ ಫೋನ್ ಮಾಡಿದ್ದರು. ‘ಚೆನ್ನಾಗಿದ್ದಾಳಲ್ಲ ಮೇಡಂ, ಮಾತ್ರೆ ನಿಲ್ಲಿಸಬಹುದಾ?’ ಇದನ್ನು ಎಲ್ಲರೂ ಕೇಳುತ್ತಾರೆ. ಪೂರ್ತಿ ಹುಷಾರಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಬೇಕಾಗುತ್ತದೆ, ನಿಲ್ಲಿಸುವಾಗಲೂ ಡಾಕ್ಟರು ಹೇಳಿದಂತೆ ನಿಧಾನವಾಗಿ ಕಮ್ಮಿ ಮಾಡಬೇಕು, ನೀವಾಗಿ ನಿಲ್ಲಿಸಬೇಡಿ ಎಂದೆ. ಸರಿ ಎಂದರು. ಫೋನ್ ಇಡುವ ಮುಂಚೆ ತಾವಾಗಿಯೇ ಹೇಳಿದರು: ‘ರಾತ್ರಿ ಎದ್ದು ಎದ್ದು ನಂಗೂ ಬೆಳಿಗ್ಗೆ ಗಿರಣಿಲಿ ತಲೆ ಗಿರ್ ಅನ್ನುತ್ತೆ ಮೇಡಂ. ಎರಡು ರಾತ್ರಿಗೇ ಹಿಂಗೆ.’

ಮುಂದಿನ ಭೇಟಿ ಯುಗಾದಿ ಮುಗಿದ ಮೇಲಿನ ಮಂಗಳವಾರ. ಇಬ್ಬರನ್ನೂ ಬರಲು ಹೇಳಿದ್ದೇನೆ.