ಹಾಡೋರ ಪಕ್ಕ ನಟಿಯರನ್ನ ಯಾಕೆ ಕೂರ್ಸಿದ್ವಿ ಅಂದ್ರೆ

ನಮಸ್ಕಾರ ಮೇಡಂ, ನಿಮ್ಮ ಪತ್ರ ತಲುಪ್ತು. ನಮ್ಮ ವಿಶೇಷಾಂಕದಲ್ಲಿ ಗಾಯಕಿಯರ ಜೊತೆ ಸಿನಿಮಾ ನಟಿಯರನ್ನೂ ಸೇರ್ಸಿದ್ದು ನಿಮಗೆ ಹಿಡಿಸಿಲ್ಲ, ಸಂಗೀತ ಅಂದ್ರೆ ಸಾಧನೆ, ಆಕ್ಟಿಂಗ್ ಬರೀ ಗ್ಲಾಮರ್, ಹಾಡೋ ಹೆಣ್ಮಕ್ಕಳಿಗೆ ಯಾವತ್ತೂ ಇದ್ದ ಮರ್ಯಾದೇನ ನೀವು ಕಮ್ಮಿ ಮಾಡಿದ್ರಿ ಅಂತ ಬರ್ದಿದೀರಿ. ಸಿಟ್ಟು ಅರ್ಥ ಆಗುತ್ತೆ, ಆದ್ರೆ ಆ ಮರ್ಯಾದೆ ಯಾವತ್ತೂ ಇತ್ತು ಅನ್ನೋದನ್ನ ಒಪ್ಪೋಕಾಗಲ್ಲ.

ಗಂಗೂಬಾಯಿ ಹಾನಗಲ್ ಅವರನ್ನೇ ತಗೊಳ್ಳಿ. ಇವತ್ತು ಅವರ ಹೆಸರು ಹೇಳಿದ್ರೆ ಕೈ ಮುಗೀತೀವಿ, ಪದ್ಮವಿಭೂಷಣ ಬಂದೋರು, ಆದ್ರೆ ಧಾರವಾಡದಲ್ಲಿ ಚಿಕ್ಕೋರಿದ್ದಾಗ ಅವರು ಬೀದೀಲಿ ಹೋದ್ರೆ ಜನ ಗಾನೇವಾಲಿ, ಅಂದ್ರೆ ಹಾಡೋಳು, ಅಂತ ಹೀನಾಯವಾಗಿ ಆಡ್ಕೋತಿದ್ರು. ಶುರುವಿನ ಗ್ರಾಮಫೋನ್ ರೆಕಾರ್ಡ್‌ಗಳ ಮೇಲೆ ಅವರ ಹೆಸರೇ ಇಲ್ಲ, ಗಾಂಧಾರಿ ಅಂತಿದೆ. ಗಂಡಸು ಹಾಡಿದ್ರೆ ಪಂಡಿತ್ ಇಲ್ಲಾ ಉಸ್ತಾದ್ ಆಗ್ತಾನೆ, ಹೆಂಗಸು ಮಾತ್ರ ಹೆಸರಿನ ಕೊನೇಲಿ ಬರೋ ಬರೀ 'ಬಾಯಿ' ಆಗೇ ಉಳೀತಾಳೆ ಅನ್ನೋ ಅರ್ಥದ ಮಾತನ್ನ ಅವರೇ ಆಡಿದಾರೆ.

ಅದಕ್ಕೂ ಮುಂಚೆ ಗೌಹರ್ ಜಾನ್ ಅನ್ನೋ ಗಾಯಕಿ, ಅವರು ತಮ್ಮ ಹೆಸರನ್ನ ತಾವೇ ಕೂಗಿ ಹೇಳ್ಬೇಕಾಗಿತ್ತು. 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡಿಂಗ್, ಮೈಕ್ ಗೀಕ್ ಏನೂ ಇಲ್ಲ, ಒಂದು ದೊಡ್ಡ ಕೊಳವೆ ಬಾಯಿಗೆ ಮುಖ ಇಟ್ಕೊಂಡು ಗಟ್ಟಿಯಾಗಿ ಹಾಡ್ಬೇಕು, ಮೂರು ನಿಮಿಷದ ಆಸುಪಾಸಲ್ಲಿ ಎಲ್ಲ ಮುಗೀಬೇಕು, ಮುಗಿದ ತಕ್ಷಣ ಅವರು 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗೋರು. ಪ್ಲೇಟ್ ಅಚ್ಚಾಗ್ತಿದ್ದಿದ್ದು ಜರ್ಮನೀಲಿ, ಇದು ಯಾರ ಹಾಡು ಅಂತ ಅಲ್ಲಿಯೋರಿಗೆ ಗೊತ್ತಾಗ್ಬೇಕಲ್ಲ. (ಕೇಳಿದ್ರೆ ಸ್ವಲ್ಪ ಠೀವೀನೂ ಇದೆ ಅನ್ಸುತ್ತೆ, ಇರ್ಲಿ ಬಿಡಿ, ಇರ್ಬೇಕಾದ್ದೇ.) ಅಷ್ಟು ಹೆಸರು ಮಾಡಿದೋರು 1928ರಲ್ಲಿ ಮೈಸೂರು ಅರಮನೆ ಆಸ್ಥಾನಕ್ಕೆ ಬಂದ್ರು, 1930ರಲ್ಲಿ ಮೈಸೂರಲ್ಲೇ ತೀರ್ಕೊಂಡ್ರು.

ಇನ್ನೊಂದು, ಆಗ ಹಾಡೋಳೇ ಬೇರೆ ನಟೀನೇ ಬೇರೆ ಅಂತ ಇರ್ಲೇ ಇಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಬಾಂಬೆಗೆ ಹೋಗಿ ಆಕ್ಟಿಂಗೂ ಮಾಡಿದ್ರು, ಹಾಡೂ ಹಾಡಿದ್ರು, 1943ರ ಕಿಸ್ಮತ್ ಸಿನಿಮಾ ಹಾಡುಗಳಿಂದ ಊರೂರಿಗೂ ಗೊತ್ತಾದ್ರು. ಎಂ.ಎಸ್. ಸುಬ್ಬುಲಕ್ಷ್ಮಿ 1938ರಲ್ಲಿ ಸಿನಿಮಾಗೆ ಬಂದು ಕೆಲವು ವರ್ಷ ಹೀರೋಯಿನ್ ಆಗಿದ್ದೋರೇ. ಅವರನ್ನ ಯಾವ ಸಾಲಲ್ಲಿ ಕೂರ್ಸೋಣ ಹೇಳಿ?

ಇಬ್ಬರನ್ನೂ ಬೇರೆ ಮಾಡಿದ್ದು ಪ್ಲೇಬ್ಯಾಕ್, ಅಂದ್ರೆ ಹಿನ್ನೆಲೆ ಗಾಯನ. ದನಿ ಸ್ಟುಡಿಯೋ ಒಳಗೆ ಹೋಯ್ತು, ಮುಖ ಪರದೆ ಮೇಲೆ ಉಳೀತು, ಮರ್ಯಾದೆ ಎಲ್ಲ ದನಿ ಪಾಲಿಗೆ, ಗಾಸಿಪ್ ಎಲ್ಲ ಮುಖದ ಪಾಲಿಗೆ ಅಂತ ಹಂಚಿಕೆ ಆಗ್ಹೋಯ್ತು ಅನ್ನೋದು ನನ್ನ ಅನಿಸಿಕೆ. ದನಿಗೂ ಆ ಮರ್ಯಾದೆ ಪುಕ್ಕಟೆ ಸಿಗ್ಲಿಲ್ಲ, 1949ರಲ್ಲಿ ಮಹಲ್ ಸಿನಿಮಾ ರೆಕಾರ್ಡ್ ಬಂದಾಗ ಅದರ ಮೇಲೆ ಕಾಮಿನಿ ಅಂತಿತ್ತು, ಅದು ಪಾತ್ರದ ಹೆಸರು, ಹಾಡಿದ್ದು ಲತಾ ಮಂಗೇಶ್ಕರ್.

ವಯಸ್ಸಿನ ವಿಷಯಕ್ಕೆ ಬಂದ್ರೆ ಇನ್ನೂ ಅನ್ಯಾಯ. ಎಸ್. ಜಾನಕಿ 1957ರಲ್ಲಿ ಸಿನಿಮಾಗೆ ಹಾಡೋಕೆ ಶುರು ಮಾಡಿದೋರು 2017ರಲ್ಲಿ ಮೈಸೂರಲ್ಲಿ ವಿದಾಯದ ಕಾರ್ಯಕ್ರಮ ಕೊಟ್ರು, ಅಷ್ಟರಲ್ಲಿ ಎಷ್ಟು ತಲೆಮಾರಿನ ಹೀರೋಯಿನ್‌ಗಳು ಅವರ ದನೀಲಿ ಬಂದು ಹೋದ್ರೋ! ಅದೇ ಪಂಡರಿಬಾಯಿ ನೋಡಿ, 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಆಮೇಲೆ ಅದೇ ರಾಜ್‌ಕುಮಾರ್‌ಗೆ ತಾಯಿ. ಇಬ್ಬರ ವಯಸ್ಸಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ. ಹೀರೋ ಹೀರೋನೇ ಆಗಿರ್ತಾನೆ, ಈಯಮ್ಮನ ತಲೆಗೆ ಬಿಳಿ ಬಣ್ಣ. ಅಂಥದ್ರಲ್ಲೂ ಸಿಕ್ಕ ಪಾತ್ರದಲ್ಲೇ ಜೀವ ತುಂಬಿ ದಶಕಗಟ್ಲೆ ನಿಂತ್ರಲ್ಲ, ಅದನ್ನ ಸಾಧನೆ ಅನ್ನದೆ ಇನ್ನೇನನ್ನೋದು? ಬರೀ ಗ್ಲಾಮರ್ ಅಂದ್ರಿ, ನಟಿ ಎಂ.ವಿ. ರಾಜಮ್ಮ 1943ರಲ್ಲೇ ರಾಧಾ ರಮಣ ಸಿನಿಮಾಗೆ ಪ್ರೊಡ್ಯೂಸರ್ ಆಗಿದ್ರು.

ಮುಂದಿನ ಸಂಚಿಕೇಲಿ ಡಬ್ಬಿಂಗ್ ಕಲಾವಿದೆಯರ ಬಗ್ಗೆ ಲೇಖನ ಬರುತ್ತೆ. ಹೀರೋಯಿನ್ ಬೇರೆ ಭಾಷೆಯೋರಾದ್ರೆ ಹಾಡೋಳು ಒಬ್ಬಳು, ಮಾತಾಡೋಳು ಇನ್ನೊಬ್ಬಳು, ಅಳೋ ಸೀನಲ್ಲಿ ಬಿಕ್ಕೋ ದನೀನೂ ಅವಳದ್ದೇ, ಟೈಟಲ್ ಕಾರ್ಡಲ್ಲಿ ಹೆಸರು ಬಂದ್ರೆ ಬಂತು ಇಲ್ಲಾಂದ್ರಿಲ್ಲ. ಅವರನ್ನೂ ಇದೇ ಸಾಲಲ್ಲೇ ಹಾಕ್ತೀವಿ ಮೇಡಂ, ಬೈಯೋದಿದ್ರೆ ಓದಿ ಆದ್ಮೇಲೆ ಇನ್ನೊಂದು ಪತ್ರ ಬರೀರಿ.

– ಸಂ.