ಹಳೆಯ 107 ಕೇಸನ್ನು ಬಂದೂಕಿನ ಅರ್ಜಿಯಲ್ಲಿ ಬರೆಯಬೇಕಾ?

ನಮಸ್ಕಾರ. ಹೊಳಲ್ಕೆರೆ ಹತ್ತಿರದ ತೋಟಕ್ಕೆ ಹಂದಿ ಕಾಟ ಜಾಸ್ತಿ, ಬಂದೂಕಿನ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು, ಬದು ಜಗಳದಲ್ಲಿ ಕೊಟ್ಟ ಹಳೆಯ 107 ಬಾಂಡ್ (ಹಿಂದಿನ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 107ನೇ ಕಲಂನಡಿ ಶಾಂತಿ ಕಾಪಾಡುತ್ತೇನೆ ಅಂತ ಬರೆದುಕೊಟ್ಟ ಮುಚ್ಚಳಿಕೆ) ಬರೆಯಬೇಕಾ ಅಂತ ಕೇಳಿದ್ದೀರಿ.

ಖಂಡಿತ ಬರೆಯಿರಿ. ಶಿಕ್ಷೆ ಆಗಿದೆಯಾ, ಶಾಂತಿ ಕಾಪಾಡುವ ಬಾಂಡ್ ಕೊಟ್ಟಿದ್ದೀರಾ ಅಂತ ಲೈಸೆನ್ಸ್ ಅರ್ಜಿಯ ನಮೂನೆಯಾದ ಎ-1 ಫಾರ್ಮಿನಲ್ಲಿ ನೇರವಾಗಿಯೇ ಕೇಳುತ್ತಾರೆ. 1959ರ ಆಯುಧ ಕಾಯ್ದೆಯ 9ನೇ ಕಲಂ ಪ್ರಕಾರ, ಬಾಂಡ್ ಅವಧಿ ನಡೆಯುತ್ತಿರುವಾಗ ಮಾತ್ರ ಅದು ಅಡ್ಡಿ. ನಿಮ್ಮದು ಮುಗಿದು ವರ್ಷಗಳಾಗಿವೆ ಅಲ್ವಾ? ಮತ್ಯಾಕೆ ಸುಮ್ನೆ ಮುಚ್ಚಿಡಬೇಕು? ಹೇಗಿದ್ದರೂ ಡಿಸಿ ಕಚೇರಿಯಿಂದ ಅರ್ಜಿ ನಿಮ್ಮ ಠಾಣೆಗೆ ವರದಿಗೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ಆ ಕಾಲಂನಲ್ಲಿ 'ಇಲ್ಲ' ಅಂತ ಬರೆದಿದ್ದರು. ಬೀಟ್ ಪೊಲೀಸರು ಅಡಿಕೆ ಕಣದಲ್ಲೇ ಕೂತು ಹಳೆಯ ಕೇಸಿನ ನಂಬರ್ ಓದಿ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಅರ್ಜಿ ತಿರಸ್ಕಾರವಾಯಿತು.

ತಹಶೀಲ್ದಾರ್ ಕಚೇರಿಯಿಂದ ಆ ಬಾಂಡ್ ಆದೇಶದ ನಕಲು ತಂದು ಅರ್ಜಿಗೆ ಲಗತ್ತಿಸಿ. 2016ರ ಆಯುಧ ನಿಯಮಗಳಂತೆ ದೇಹ, ಮನಸ್ಸು ಎರಡರ ಆರೋಗ್ಯಕ್ಕೂ ಡಾಕ್ಟರ್ ಸರ್ಟಿಫಿಕೇಟ್ ಬೇಕು.

ಇನ್ನೊಂದು ಮಾತು. ಲೈಸೆನ್ಸ್ ಸಿಕ್ಕಿತು ಅಂತ ಹಂದಿ ಹೊಡೆಯುವ ಹಾಗಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.