ಬೀಗರ ಗುಳಿಗೆ ಮಾವನವರಿಗೆ ನಡೆಯುತ್ತದೆಯೇ?

ಶ್ವಾಸಕೋಶದ ಕ್ಯಾನ್ಸರಿನ ಮ್ಯುಟೇಶನ್‌ಗಳನ್ನು, ಅಂದರೆ ಜೀನ್ ಕೆಟ್ಟು ಆಗುವ ಬದಲಾವಣೆಗಳನ್ನು, ಅಭ್ಯಾಸ ಮಾಡುವುದು ನನ್ನ ಕಸುಬು. ಕ್ಯಾನ್ಸರ್ ಅಂದರೇನು, ಬೀಡಿ ಯಾಕೆ ಕೆಟ್ಟದ್ದು ಎಂದು ಇಲ್ಲಿ ಪಾಠ ಹೇಳುವುದಿಲ್ಲ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಒಂದೇ ಆಗಿ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೆ ಈ ಸಲ ಪೂರ್ತಿ ಉತ್ತರ.

“ನಮ್ಮ ಮಾವನವರಿಗೆ ಬಲಗಡೆ ಶ್ವಾಸಕೋಶದಾಗ ಗಡ್ಡಿ ಅದ, ಕ್ಯಾನ್ಸರ್ ಅಂದಾರ. ಹೈದರಾಬಾದಿನ ಬೀಗರೊಬ್ಬರು ದಿನಾ ಒಂದು ಜೆಫಿಟಿನಿಬ್ ಗುಳಗಿ ತಗೊಂಡು ಆರಾಮ ಹಾರ. ಜೀನ್ ಟೆಸ್ಟಿಗೆ ರೊಕ್ಕ ಯಾಕ ಹಾಕಬೇಕು? ಅದೇ ಗುಳಗಿ ಶುರು ಮಾಡಬಹುದೇನ್ರಿ?” — ಸೇಡಂ ಓದುಗರು

ಬೇಡ. ಬೀಗರ ಚಷ್ಮಾ ಹಾಕಿಕೊಂಡು ನೀವು ಪೇಪರ್ ಓದುತ್ತೀರಾ?

ಬೀಗರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್ ಕೆಟ್ಟಿರಬೇಕು. ಅದು ಕೆಟ್ಟರೆ ಜೀವಕೋಶಕ್ಕೆ ‘ಬೆಳೆ, ಬೆಳೆ’ ಎಂಬ ಸಂದೇಶ ನಿಲ್ಲುವುದೇ ಇಲ್ಲ. ಜೆಫಿಟಿನಿಬ್ ಆ ಸಂದೇಶವನ್ನು ತಡೆಯುತ್ತದೆ. ಗಡ್ಡೆ ಆ ಸಂದೇಶದ ಮೇಲೇ ಬದುಕಿದ್ದರೆ ಕುಗ್ಗುತ್ತದೆ; ಇಲ್ಲದಿದ್ದರೆ ಗುಳಿಗೆ ನುಂಗಿದ್ದಷ್ಟೇ ಬಂತು. ಇದು ನನ್ನ ಊಹೆಯಲ್ಲ. 2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನದಲ್ಲಿ ಏಷ್ಯಾದ 1,217 ರೋಗಿಗಳಿದ್ದರು, ಬಹುತೇಕರು ಧೂಮಪಾನ ಮಾಡದವರು. ಮ್ಯುಟೇಶನ್ ಇದ್ದವರಲ್ಲಿ ಶೇ. 71 ಮಂದಿಯ ಗಡ್ಡೆ ಈ ಗುಳಿಗೆಗೆ ಕುಗ್ಗಿತು, ಕಿಮೊಥೆರಪಿಗೆ (ಕಿಮೊ) ಶೇ. 47. ಮ್ಯುಟೇಶನ್ ಇಲ್ಲದವರಲ್ಲಿ ಗುಳಿಗೆಗೆ ಕುಗ್ಗಿದ್ದು ಶೇ. 1ರಷ್ಟು, ಕಿಮೊಗೆ ಶೇ. 23. ಅಂದರೆ ಪರೀಕ್ಷೆ ಬಿಟ್ಟು ಗುಳಿಗೆ ಕೊಟ್ಟರೆ ಮಾವನವರಿಗೆ ಸಿಗಬೇಕಾದ ಚಿಕಿತ್ಸೆಯೇ ತಪ್ಪಬಹುದು, ಅಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ.

ನಮ್ಮ ದೇಶದಲ್ಲಿ ಅಡೆನೊಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಕಾಲು ಭಾಗಕ್ಕೆ ಈ ಮ್ಯುಟೇಶನ್ ಇರುತ್ತದೆ. ಬೀಡಿ ಮುಟ್ಟದ ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಆದರೆ ಬೀಡಿ ಸೇದಿದವರಲ್ಲೂ ಸಿಗುತ್ತದೆ, ಮುಖ ನೋಡಿ ಹೇಳಲು ಬರುವುದಿಲ್ಲ. ಜೊತೆಗೆ ಎಎಲ್‌ಕೆ, ರಾಸ್-1 ಎಂಬ ಜೀನ್‌ಗಳನ್ನೂ ನೋಡಿಸಿ. ಅವಕ್ಕೆ ಬೇರೆಯೇ ಗುಳಿಗೆಗಳಿವೆ.

ರೊಕ್ಕ ಉಳಿಸುವ ನಿಜವಾದ ದಾರಿ ಬೇರೆ ಇದೆ. ಬಯಾಪ್ಸಿಯಲ್ಲಿ, ಅಂದರೆ ಸೂಜಿ ಚುಚ್ಚಿ, ಗಡ್ಡೆಯಿಂದ ತೆಗೆದ ತುಣುಕನ್ನು ಲ್ಯಾಬಿನವರು ಮೇಣದ ಬ್ಲಾಕಿನಲ್ಲಿ ಕಾದಿರಿಸಿರುತ್ತಾರೆ. ಮನೆಯವರು ರಿಪೋರ್ಟಿನ ಕಾಗದವಷ್ಟೇ ಚೀಲದಲ್ಲಿಟ್ಟುಕೊಂಡು ಹೈದರಾಬಾದಿಗೂ ಸೊಲ್ಲಾಪುರಕ್ಕೂ ಓಡುತ್ತಾರೆ, ಬ್ಲಾಕು ಮಾತ್ರ ಕೇಳುವುದಿಲ್ಲ. ಅಲ್ಲಿ ಮತ್ತೆ ಸೂಜಿ! ಬ್ಲಾಕು ಕೇಳಿ ಪಡೆಯಿರಿ, ಅದರಲ್ಲೇ ಜೀನ್ ಪರೀಕ್ಷೆ ಆಗುತ್ತದೆ. ತುಣುಕು ಸಾಲದಿದ್ದರೆ ರಕ್ತದಲ್ಲೂ ಹುಡುಕಬಹುದು. ಆದರೆ ರಕ್ತದಲ್ಲಿ ಸಿಗಲಿಲ್ಲ ಎಂದರೆ ಗಡ್ಡೆಯಲ್ಲೂ ಇಲ್ಲ ಎಂದಲ್ಲ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ, ಬಸ್ ಹತ್ತುವ ಮೊದಲು ಅಲ್ಲಿ ತೋರಿಸಿ.

ಮ್ಯುಟೇಶನ್ ಸಿಕ್ಕಿತು ಅನ್ನೋಣ. ಆಗಲೂ ಡಾಕ್ಟರಿಗೆ ಹೇಳದೆ ಬೆಳಿಗ್ಗೆ ಎದ್ದು ಗ್ಯಾಸಿನ ಗುಳಿಗೆ ನುಂಗಬೇಡಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಜೆಫಿಟಿನಿಬ್, ಅದೇ ಬಗೆಯ ಎರ್ಲೊಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕದ್ದು ಸೇದುವ ಬೀಡಿಯೂ ಎರ್ಲೊಟಿನಿಬ್ಬಿನ ಬಲ ಇಳಿಸುತ್ತದೆ. ಮುಖದ ಮೇಲೆ ಗುಳ್ಳೆ, ಭೇದಿ ಬಂದರೆ ಹೇಳಿ. ಹೊಸದಾಗಿ ಏದುಸಿರು ಬಂದರೆ ಅದೇ ದಿನ ದವಾಖಾನೆಗೆ ಹೋಗಿ.

ಬೀಗರಿಗೂ ಒಂದು ಮಾತು. ಈ ಗುಳಿಗೆ ಕಾಯಮ್ಮಾಗಿ ಕೆಲಸ ಮಾಡುವುದಿಲ್ಲ. ಅದು ಸೋತಾಗ ‘ನಕಲಿ ಮಾಲು’ ಎಂದು ಅಂಗಡಿಯವನ ಮೇಲೆ ಹರಿಹಾಯುವ ಬದಲು ಮತ್ತೆ ಪರೀಕ್ಷೆ ಮಾಡಿಸಲಿ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಟಿ790ಎಂ ಎಂಬ ಹೊಸ ಮ್ಯುಟೇಶನ್ ಹುಟ್ಟಿರುತ್ತದೆ, ಅದಕ್ಕೆ ಒಸಿಮರ್ಟಿನಿಬ್ ಎಂಬ ಗುಳಿಗೆ ಇದೆ. ಅದನ್ನೇ ಮೊದಲಿಗೆ ಕೊಟ್ಟಾಗ ರೋಗ ಸರಾಸರಿ 18.9 ತಿಂಗಳು ಹತೋಟಿಯಲ್ಲಿತ್ತು, ಹಳೆಯ ಗುಳಿಗೆಗಳಲ್ಲಿ 10.2 ತಿಂಗಳು. ಬೆಲೆ ಭಾರೀ, ಆ ಸಿಟ್ಟು ನನಗೂ ಇದೆ.

“ಸೂಜಿ ಚುಚ್ಚಿದರ ಕ್ಯಾನ್ಸರ್ ಹರಡ್ತದಂತ?” — ಸೂಜಿಯ ದಾರಿಯಲ್ಲಿ ಬೆಳೆಯುವುದು ತೀರಾ ಅಪರೂಪ. ಹೆದರಿ ಮನೆಯಲ್ಲಿ ಕೂತರೆ ಅದು ತಾನಾಗಿಯೇ ಹರಡುತ್ತಾ ಹೋಗುತ್ತದೆ.

“ಅಪ್ಪನ ಮ್ಯುಟೇಶನ್ ಮಗಳಿಗೆ ಬರ್ತದೇನು? ಮದುವಿ ನಿಶ್ಚಯ ಆಗ್ಯದ.” — ಗಡ್ಡೆಯೊಳಗೇ ಹುಟ್ಟಿದ ಬದಲಾವಣೆ ಅದು, ಬಹುತೇಕ ಯಾರಲ್ಲೂ ಮಕ್ಕಳಿಗೆ ಇಳಿಯುವಂಥದ್ದಲ್ಲ. ಮದುವೆ ಮಾಡಿ.

“ಲಕ್ಷ್ಮಣಫಲದ ಎಲಿ ಕುದಿಸಿ ಕುಡಿಯೋದು? ಹುಮನಾಬಾದ್ ಕಡೆ ಒಬ್ಬರು ಭಸ್ಮ ಕೊಡ್ತಾರ...” — ಪುಡಿಯಲ್ಲಿ ಏನಿದೆ ಎಂದು ಬರೆದುಕೊಡಲು ಒಪ್ಪದವನ ಪೊಟ್ಟಣ ನಾಲಿಗೆಗೆ ತಾಗಿಸಬೇಡಿ. ಎಲೆಯ ಕಷಾಯದಿಂದ ಮನುಷ್ಯರ ಕ್ಯಾನ್ಸರ್ ಹೋಗಿದ್ದಕ್ಕೆ ಪುರಾವೆ ಇಲ್ಲ.

“ಕಫದಾಗ ಟಿಬಿ ಸಿಕ್ಕಿಲ್ಲ. ಎಕ್ಸ್-ರೇ ನೋಡಿ ಟಿಬಿ ಗುಳಗಿ ಕೊಟ್ಟಾರ. ಮೂರು ತಿಂಗಳಾತು, ಕೆಮ್ಮು ಹಾಂಗೇ ಅದ, ತೂಕ ಇಳಿದದ.” — ಯಾದಗಿರಿ — ಕೋರ್ಸ್ ಮುಗಿಯಲಿ ಎಂದು ಕಾಯಬೇಡಿ. ಗುಳಿಗೆ ನೀವೇ ನಿಲ್ಲಿಸಬೇಡಿ, ಆದರೆ ಈ ವಾರವೇ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಗಡ್ಡೆ ಕಂಡರೆ ಬಯಾಪ್ಸಿ, ಬ್ಲಾಕು ನಿಮ್ಮ ಕೈಗೆ.